ದರ್ಶನಕ್ಕಿಟ್ಟ ಕನ್ನಡ

ಕನ್ನಡವನ್ನು ಕುರಿತು ಈಚಿನ ಕೆಲವು ವರ್ಷಗಳಲ್ಲಿ ಬೆಂಗಳೂರಿನಲ್ಲಿ ನಡೆದ ಗದ್ದಲವನ್ನೆಲ್ಲ ಒಂದೆಡೆ ಕೂಡಿಸಿ ನೋಡಿದರೆ ಅದು ಮೂರು ಬಾಬತ್ತುಗಳಲ್ಲಿ ಅಡಗುತ್ತದೆ: ಫಲಕ, ಹೆಸರು, ಚಿತ್ರ. ಅಂಗಡಿಯ ಫಲಕದಲ್ಲಿ ಕನ್ನಡ ಎಷ್ಟಿರಬೇಕು, ಜಿಲ್ಲೆಗೂ ನಿಲ್ದಾಣಕ್ಕೂ ಯಾವ ಹೆಸರಿಡಬೇಕು, ಶಾಸನ ಮತ್ತು ಓಲೆಗರಿಗಳ ಎಷ್ಟು ಚಿತ್ರಗಳನ್ನು ಗಣಕದಲ್ಲಿ ತುಂಬಬೇಕು ಎಂಬುವೇ ಆ ಮೂರು. ಇವು ಯಾವುವೂ ಬೇಡವಾದ ಕೆಲಸಗಳಲ್ಲ. ಆದರೆ ಮೂರಕ್ಕೂ ಸಮಾನವಾದ ಒಂದು ಗುಣವಿದೆ. ಮೂರರಲ್ಲಿಯೂ ಕನ್ನಡ ಕಾಣಿಸಿಕೊಳ್ಳುತ್ತದೆ, ಓದಿಸಿಕೊಳ್ಳುವುದಿಲ್ಲ. ಪ್ರತಿಮೆಗೆ ದರ್ಶನ ಸಾಕು, ಭಾಷೆಗೆ ಸಾಲದು. ಒಂದೂವರೆ ಸಾವಿರ ವರ್ಷಗಳ ಬರವಣಿಗೆಯನ್ನು ಬೆನ್ನಿಗಿಟ್ಟುಕೊಂಡಿರುವ ಭಾಷೆಯೊಂದು ತನ್ನ ನಾಡಿನ ರಾಜಧಾನಿಯಲ್ಲಿಯೇ ದರ್ಶನಕ್ಕಿಟ್ಟ ವಸ್ತುವಾಗುತ್ತಿದೆ. ಅದನ್ನು ಓದಬಲ್ಲವರು ಎಷ್ಟು ಮಂದಿ ಉಳಿದಿದ್ದಾರೆ ಎಂಬ ಪ್ರಶ್ನೆ ಸರ್ಕಾರಕ್ಕಾಗಲಿ, ಸಂಘಟನೆಗಳಿಗಾಗಲಿ, ತಂತ್ರಜ್ಞರಿಗಾಗಲಿ, ನಮ್ಮ ಮಠ-ಬಸದಿಗಳಿಗಾಗಲಿ ತಾಗುತ್ತಿಲ್ಲವೆಂಬುದೇ ಈ ಬರಹದ ಆಕ್ಷೇಪ.

ಮೊದಲು ಫಲಕದ ಮಾತು. 2023ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಇಂಗ್ಲಿಷ್ ನಾಮಫಲಕಗಳ ಮೇಲೆ ನಡೆದ ಪ್ರತಿಭಟನೆಯೂ, ಅದರ ಹಿಂದೆಯೇ 2024ರ ಫೆಬ್ರವರಿಯಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಗೆ ತಂದ ತಿದ್ದುಪಡಿಯೂ ಎಲ್ಲರ ನೆನಪಿನಲ್ಲಿವೆ. ಫಲಕದ ಶೇ. 60 ಭಾಗ ಕನ್ನಡವಿರಬೇಕು, ಅದು ಮೇಲ್ಭಾಗದಲ್ಲಿರಬೇಕು ಎಂಬುದು ಈಗಿನ ನಿಯಮ. ಅದನ್ನು ನಾನು ವಿರೋಧಿಸುವುದಿಲ್ಲ; ನಾಡಿನ ಭಾಷೆ ನಾಡಿನ ಬೀದಿಯಲ್ಲಿ ಕಾಣಬೇಕಾದುದು ನ್ಯಾಯ. ಆದರೆ ಆ ಶೇ. 60ರ ಜಾಗದಲ್ಲಿ ಬರೆದಿರುವುದೇನೆಂದು ಯಾವ ಅಧಿಕಾರಿಯೂ ಓದಿ ನೋಡಿದಂತಿಲ್ಲ. ಬಹುಪಾಲು ಕಡೆ ಅಲ್ಲಿರುವುದು ಇಂಗ್ಲಿಷ್ ಪದಗಳ ಲಿಪ್ಯಂತರ. ಅದೂ ಯಂತ್ರದಿಂದ ಆದ ಲಿಪ್ಯಂತರ. ಒತ್ತಕ್ಷರ ಒಂದು ಕಡೆ, ದೀರ್ಘ ಇನ್ನೊಂದು ಕಡೆ. ಅಳತೆಗೋಲು ಹಿಡಿದು ಬಂದವನಿಗೆ ಅಕ್ಷರದ ಎತ್ತರ ಸರಿಯಿದ್ದರೆ ಸಾಕು, ಅಕ್ಷರ ತಪ್ಪಿದ್ದರೆ ದಂಡವಿಲ್ಲ. ಲಿಪಿ ಬಂತು, ಭಾಷೆ ಬರಲಿಲ್ಲ. ಲಿಪಿ ಕನ್ನಡವಾಗಿದ್ದು ಭಾಷೆ ಬೇರೆಯಾಗಿರುವುದು ಈ ನಾಡಿಗೆ ಹೊಸದೇನಲ್ಲ. ಮೂಡುಬಿದಿರೆಯ ಸಿದ್ಧಾಂತಗ್ರಂಥಗಳ ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. ವ್ಯತ್ಯಾಸವಿಷ್ಟೇ: ಆ ಓಲೆಗಳನ್ನು ಯಾರಾದರೂ ಓದುತ್ತಾರೆಂಬ ನಂಬಿಕೆಯಿಂದ ಬರೆದರು; ಈ ಫಲಕವನ್ನು ಯಾರೂ ಓದುವುದಿಲ್ಲವೆಂಬ ನಂಬಿಕೆಯಿಂದ ಬರೆಸುತ್ತಾರೆ.

ಇನ್ನು ಹೆಸರು. 2014ರ ನವೆಂಬರ್ 1ರಂದು ಹನ್ನೆರಡು ನಗರಗಳ ಹೆಸರುಗಳು ಇಂಗ್ಲಿಷ್ ಉಚ್ಚಾರಣೆಯಿಂದ ಬಿಡುಗಡೆ ಹೊಂದಿದವು. ಅದು ಬಹುಮಟ್ಟಿಗೆ ಜನರ ಬಾಯಲ್ಲಿದ್ದುದನ್ನು ಕಾಗದಕ್ಕೆ ತಂದ ಕೆಲಸವಾದ್ದರಿಂದ ಅದರಲ್ಲಿ ಅರ್ಥವಿತ್ತು. 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ರಾಮನಗರ ಜಿಲ್ಲೆಯನ್ನು ಬೆಂಗಳೂರು ದಕ್ಷಿಣ ಎಂದು ಕರೆಯಲು ತೀರ್ಮಾನಿಸಿತು. ಅದೇ ವರ್ಷದಲ್ಲಿ ಬೆಂಗಳೂರು ಮಹಾನಗರವನ್ನು ಐದು ಪಾಲಿಕೆಗಳಾಗಿ ಒಡೆದಾಗ ಅವುಗಳಲ್ಲೊಂದು ಬೆಂಗಳೂರು ದಕ್ಷಿಣವೇ ಆಯಿತು. ಆ ಹೆಸರಿನ ಲೋಕಸಭಾ ಕ್ಷೇತ್ರ ಮೊದಲೇ ಇತ್ತು. ಈಗ ಒಂದೇ ಹೆಸರು ಮೂರು ಬೇರೆ ಬೇರೆ ಎಲ್ಲೆಗಳ ಭೂಭಾಗಗಳನ್ನು ಸೂಚಿಸುತ್ತದೆ. ನಾಳೆ ಈ ಕಾಲದ ದಾಖಲೆಗಳನ್ನು ಓದುವ ಸಂಶೋಧಕನಿಗೆ ನಾವು ಬಿಟ್ಟುಹೋಗುತ್ತಿರುವ ಒಗಟು ಇದು. ಜಮೀನಿನ ಬೆಲೆಗೆ ಬೆಂಗಳೂರಿನ ಹೆಸರಿನ ನೆರಳು ಬೇಕಾಗಿತ್ತೆಂಬುದು ಬೀದಿಯ ಮಾತು. ಅದರ ಸತ್ಯಾಸತ್ಯತೆಯನ್ನು ರಾಜಕಾರಣಿಗಳೇ ಹೇಳಬೇಕು. ನನ್ನ ಮಾತು ಹೆಸರಿನ ರೀತಿಯನ್ನು ಕುರಿತದ್ದು.

ಹೆಸರು ಬದಲಿಸುವುದು ಹಿಂದೆ ಇರಲಿಲ್ಲವೆಂದಲ್ಲ. ಅರಸರು ಅಗ್ರಹಾರಗಳನ್ನು ಬಿಟ್ಟಾಗ ಊರಿಗೆ ತಮ್ಮ ಹೆಸರನ್ನೋ ತಂದೆತಾಯಿಗಳ ಹೆಸರನ್ನೋ ಇಟ್ಟರು. ಆದರೆ ವಿಜಯನಗರ ಕಾಲದ ತಾಮ್ರಶಾಸನಗಳನ್ನು ತಿರುವಿದವರಿಗೆ ಒಂದು ಪದ ಚೆನ್ನಾಗಿ ಗೊತ್ತು: ಪ್ರತಿನಾಮಧೇಯ. ಹೊಸ ಹೆಸರನ್ನು ಪ್ರತಿನಾಮಧೇಯವೆಂದು ಹೇಳುವಾಗ ಹಳೆಯ ಹೆಸರನ್ನೂ ಅದೇ ಶಾಸನದಲ್ಲಿ ಕೊಡುತ್ತಿದ್ದರು; ಹಲವು ಬಾರಿ ನಾಲ್ಕು ದಿಕ್ಕುಗಳ ಎಲ್ಲೆಯನ್ನೂ ಬರೆಯುತ್ತಿದ್ದರು. ಆದ್ದರಿಂದಲೇ ಇಂದು ನಾವು ಎಷ್ಟೋ ಅಗ್ರಹಾರಗಳ ಮೂಲಗ್ರಾಮವನ್ನು ಗುರುತಿಸಬಲ್ಲೆವು. ಇಂದಿನ ಅಧಿಸೂಚನೆಗೆ ಹಳೆಯ ಹೆಸರು ಅಳಿಸಬೇಕಾದ ಕಲೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್‌ನಿಂದ ಬಂದದ್ದು. ಊರು ಅದನ್ನು ಬಿಟ್ಟಿತು. ಆದರೆ ಆ ಸೀಮೆಯ ಬಂಡೆಯನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಆಡಳಿತಕ್ಕಿಂತ ಬಂಡೆಗೆ ನೆನಪು ಹೆಚ್ಚು.

ಮೆಟ್ರೊ ನಿಲ್ದಾಣಗಳ ಕಡೆ ನೋಡಿ. 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗದಲ್ಲಿ ಕೋನಪ್ಪನ ಅಗ್ರಹಾರ, ಹೆಬ್ಬಗೋಡಿ, ಬೊಮ್ಮಸಂದ್ರ ಎಂಬ ಹೆಸರುಗಳ ಜೊತೆಯಲ್ಲಿ ದಾನಿಗಳಾದ ಉದ್ಯಮಗಳ ಹೆಸರುಗಳೂ ಕೂಡಿಕೊಂಡಿವೆ. ದಾನ ಕೊಟ್ಟವರ ಹೆಸರನ್ನು ಬರೆಯಬೇಕಾದುದು ಸರಿಯೇ. ನಮ್ಮ ಬಸದಿಗಳ ದಾನಶಾಸನಗಳಲ್ಲಿ ದಾನಿಯ ಹೆಸರಿದೆ, ವಂಶವಿದೆ, ಗುರುಪರಂಪರೆಯಿದೆ, ಕೊಟ್ಟ ಗದ್ದೆಯ ಅಳತೆಯಿದೆ, ದಾನವನ್ನು ಕೆಡಿಸಿದವನಿಗೆ ಶಾಪವಿದೆ. ಅವು ದಾನವನ್ನು ವಿವರಿಸುವ ಬರಹಗಳು. ಓದಿದವನಿಗೆ ಯಾರು, ಏನನ್ನು, ಯಾವ ಷರತ್ತಿನ ಮೇಲೆ ಕೊಟ್ಟರೆಂದು ತಿಳಿಯುತ್ತದೆ. ನಿಲ್ದಾಣದ ಫಲಕ ಆ ಯಾವುದನ್ನೂ ಹೇಳುವುದಿಲ್ಲ. ಅದರಲ್ಲಿರುವುದು ಹೆಸರಿನ ದರ್ಶನ ಮಾತ್ರ.

ಬೆಂಗಳೂರೆಂಬ ಹೆಸರಿನ ಕಥೆಯೂ ಹೀಗೆಯೇ ಆಗಿದೆ. ಹನ್ನೆರಡನೆಯ ಶತಮಾನದ ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಆಯಿತು ಎಂಬ ಕಥೆ ಪ್ರವಾಸಿ ಪುಸ್ತಕಗಳಿಂದ ಹಿಡಿದು ಕೃತಕ ಬುದ್ಧಿಮತ್ತೆಯ ಉತ್ತರಗಳವರೆಗೆ ಹರಿದಾಡುತ್ತಲೇ ಇದೆ. ಅದೇ ನಗರದ ಬೇಗೂರಿನಲ್ಲಿ, ದೇವಾಲಯದ ಆವರಣದಲ್ಲಿ, ಸುಮಾರು ಕ್ರಿ.ಶ. 890ರ ವೀರಗಲ್ಲೊಂದು ಬೆಂಗಳೂರಿನಲ್ಲಿ ನಡೆದ ಕಾಳೆಗವನ್ನು ಹೆಸರಿಸುತ್ತದೆ. ವೀರಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಹಿಂದೆಯೇ ಊರಿಗೆ ಆ ಹೆಸರಿತ್ತು. ಕಥೆ ಸುಳ್ಳೆಂದು ತಿಳಿಯಲು ದೊಡ್ಡ ಪಾಂಡಿತ್ಯ ಬೇಕಿಲ್ಲ. ಕಲ್ಲಿನ ಮೇಲಿನ ಆ ಪದವನ್ನು ಓದಿದರೆ ಸಾಕು. ಓದುವವರಿಲ್ಲದ ಕಡೆ ಕಥೆಯೇ ಗೆಲ್ಲುತ್ತದೆ.

2025ರ ಮೇ ತಿಂಗಳಲ್ಲಿ ನಟ ಕಮಲ್ ಹಾಸನ್ ಕನ್ನಡ ತಮಿಳಿನಿಂದ ಹುಟ್ಟಿತೆಂದಾಗ ಏನಾಯಿತೆಂಬುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಆ ಮಾತು ಶಾಸ್ತ್ರಕ್ಕೆ ವಿರುದ್ಧ. ಕನ್ನಡ, ತಮಿಳುಗಳೆರಡೂ ಒಂದೇ ಮೂಲ ದ್ರಾವಿಡದಿಂದ ಕವಲೊಡೆದವೆಂಬುದು ಭಾಷಾವಿಜ್ಞಾನದ ಸಾಮಾನ್ಯ ತಿಳಿವಳಿಕೆ. ಆದರೆ ವಾರಗಟ್ಟಲೆ ನಡೆದ ಚರ್ಚೆಯಲ್ಲಿ ಕ್ಷಮೆ ಕೇಳಬೇಕೇ, ಚಿತ್ರ ಬಿಡುಗಡೆಯಾಗಬೇಕೇ ಎಂಬುವೇ ಪ್ರಶ್ನೆಗಳಾದವು. ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ದೂರದರ್ಶನದ ಗಂಟೆಗಟ್ಟಲೆ ವಾಗ್ವಾದಗಳಲ್ಲಿ ಹಲ್ಮಿಡಿ ಶಾಸನದ ಹೆಸರು ಘೋಷಣೆಯಾಗಿ ಬಂದಷ್ಟು ಪಠ್ಯವಾಗಿ ಬರಲಿಲ್ಲ. ಕವಿರಾಜಮಾರ್ಗದ ಹೆಸರು ಹೇಳಿದವರು ಅದರಲ್ಲಿ ದೇಸಿಯ ಬಗ್ಗೆ, ಕನ್ನಡದೊಳಗಿನ ಕನ್ನಡಗಳ ಬಗ್ಗೆ ಏನಿದೆಯೆಂದು ಹೇಳಲಿಲ್ಲ. ಪ್ರಾಚೀನತೆಯನ್ನು ಕತ್ತಿಯಂತೆ ಬೀಸುವವರಿಗೆ ಪ್ರಾಚೀನ ಪಠ್ಯ ಬೇಕಾಗಿಲ್ಲ; ಅದರ ವಯಸ್ಸು ಮಾತ್ರ ಬೇಕು. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಬಂದಾಗಲೂ ಹಬ್ಬವಾಯಿತು. 2024ರ ಅಕ್ಟೋಬರ್‌ನಲ್ಲಿ ಪ್ರಾಕೃತಕ್ಕೆ ಆ ಸ್ಥಾನ ಬಂದಾಗ ನಮ್ಮ ಸಮಾಜದಲ್ಲಿಯೂ ಹಾರ, ಶಾಲು, ಅಭಿನಂದನೆಗಳಾದವು. ಪ್ರಾಕೃತವನ್ನು ಟೀಕೆಯ ನೆರವಿಲ್ಲದೆ ಓದಬಲ್ಲವರು ನಾಡಿನಲ್ಲಿ ಎಷ್ಟು ಮಂದಿಯೆಂದು ಆ ವೇದಿಕೆಗಳಲ್ಲಿ ಕೇಳಿದ್ದರೆ ಹಬ್ಬ ಬೇಗ ಮುಗಿಯುತ್ತಿತ್ತು.

ಮೂರನೆಯದು ಚಿತ್ರ. ಇದನ್ನು ಕುರಿತು ಮಾತನಾಡುವಾಗ ನ್ಯಾಯವಾಗಿರಬೇಕು. ಬೆಂಗಳೂರಿನಂಥ ನಗರದಲ್ಲಿ ಶಾಸನಗಲ್ಲು ಚರಂಡಿಯ ಚಪ್ಪಡಿಯಾಗುವುದಕ್ಕೂ ಅಪಾರ್ಟ್‌ಮೆಂಟಿನ ಅಡಿಪಾಯ ಸೇರುವುದಕ್ಕೂ ಒಂದು ದಿನ ಸಾಕು. ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸದಿದ್ದರೆ, ಆಮೇಲೆ ಕಾಣೆಯಾದ ಕಲ್ಲುಗಳು ಇದ್ದುವೆಂಬುದೇ ತಿಳಿಯುತ್ತಿರಲಿಲ್ಲ. 2018ರಲ್ಲಿ ಹೆಬ್ಬಾಳದಲ್ಲಿ ಕಾಲುವೆಗಾಗಿ ಅಗೆಯುವಾಗ ಹೊರಬಂದ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಅದು ಮತ್ತೆ ಮಣ್ಣುಪಾಲಾಗದಂತೆ ಕಾದವರು ಆಸಕ್ತ ನಾಗರಿಕರು. ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಕೆಲಸವಂತೂ ಪ್ರಶಂಸೆಗೆ ಅರ್ಹ. ಸವೆದ ಅಕ್ಷರದ ಮೇಲೆ ಬೇರೆ ಬೇರೆ ಕೋನಗಳಿಂದ ಬೆಳಕು ಬೀಳಿಸಿ ನೋಡುವ ಅನುಕೂಲ ರೈಸ್ ಅವರಿಗೂ ಆರ್. ನರಸಿಂಹಾಚಾರ್ಯರಿಗೂ ಇರಲಿಲ್ಲ. ಹಸ್ತಪ್ರತಿಗಳ ವಿಷಯದಲ್ಲಿ ಕೇಂದ್ರ ಸರ್ಕಾರ 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ತೆರೆಯಿತು. 2025ರ ಬಜೆಟ್ಟಿನಲ್ಲಿ ಜ್ಞಾನ ಭಾರತಂ ಎಂಬ ಹೆಸರಿನಲ್ಲಿ ಒಂದು ಕೋಟಿಗೂ ಮೀರಿದ ಹಸ್ತಪ್ರತಿಗಳ ಸಮೀಕ್ಷೆ ಮತ್ತು ಸಂರಕ್ಷಣೆಯನ್ನು ಘೋಷಿಸಿತು. ಇವೆಲ್ಲ ಆಗಬೇಕಾದುವೇ.

ಹಾಗಾದರೆ ಆಕ್ಷೇಪವೇನು? ಕೋಟಿ ಎಂಬ ಸಂಖ್ಯೆ ಓದಿದ್ದರ ಸಂಖ್ಯೆಯಲ್ಲ, ಚಿತ್ರ ತೆಗೆದದ್ದರ ಸಂಖ್ಯೆ. ಯೋಜನೆಯ ವರದಿಗಳಲ್ಲಿ ಹೆಮ್ಮೆಯಿಂದ ನಮೂದಾಗುವುದು ಪುಟಗಳ ಲೆಕ್ಕ. ಎಷ್ಟು ಪುಟಗಳನ್ನು ಒಬ್ಬ ಬಲ್ಲವನು ಓದಿ, ಪಾಠ ನಿರ್ಣಯಿಸಿ, ಅರ್ಥ ಬರೆದನೆಂಬ ಲೆಕ್ಕಕ್ಕೆ ಅಂಥ ವರದಿಗಳಲ್ಲಿ ಅಂಕಣ ಅಪರೂಪ. ಕ್ಯಾಮೆರಾ ಕೊಳ್ಳಲು ಹಣವಿದೆ, ಸರ್ವರ್ ಕೊಳ್ಳಲು ಹಣವಿದೆ. ಇಪ್ಪತ್ತೈದು ವರ್ಷದ ಹುಡುಗಿಯೊಬ್ಬಳನ್ನು ಐದು ವರ್ಷ ಕೂರಿಸಿ ಲಿಪಿ, ಛಂದಸ್ಸು, ವ್ಯಾಕರಣಗಳನ್ನು ಕಲಿಸಿ, ಆಮೇಲೆ ಅವಳ ಅನ್ನಕ್ಕೆ ದಾರಿಮಾಡಲು ಹಣವಿಲ್ಲ. ಯಂತ್ರವನ್ನು ಹರಾಜಿನಲ್ಲಿ ಕೊಳ್ಳಬಹುದು, ಓದುಗನನ್ನು ಕೊಳ್ಳಲಾಗದು, ಬೆಳೆಸಬೇಕು. ಬೆಳೆಸುವ ಕೆಲಸ ಒಂದು ಚುನಾವಣೆಯ ಅವಧಿಯಲ್ಲಿ ಮುಗಿಯುವುದಿಲ್ಲವಾದ್ದರಿಂದ ಅದರ ಉದ್ಘಾಟನೆಗೆ ಯಾರೂ ಬರುವುದಿಲ್ಲ.

ಓದಿಲ್ಲದ ಸಂರಕ್ಷಣೆ ಎಂದರೇನೆಂದು ಜೈನರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲಗಳ ತಾಡವಾಲೆಯ ಪ್ರತಿಗಳು ಶತಮಾನಗಳ ಕಾಲ ಸುರಕ್ಷಿತವಾಗಿದ್ದವು. ಭಂಡಾರಕ್ಕೆ ಬೀಗವಿತ್ತು, ಪ್ರತಿಗಳಿಗೆ ಪೂಜೆಯಿತ್ತು, ಯಾತ್ರಿಕರಿಗೆ ದರ್ಶನವಿತ್ತು. ಷಟ್ಖಂಡಾಗಮವೆಂಬ ಮೂಲ ಆಗಮವನ್ನೂ ಅದರ ಮೇಲೆ ಒಂಬತ್ತನೆಯ ಶತಮಾನದಲ್ಲಿ ವೀರಸೇನರು ಮುಗಿಸಿದ ಮಹಾಟೀಕೆಯನ್ನೂ ಲೋಕ ಹೆಸರಿನಿಂದ ಮಾತ್ರ ಬಲ್ಲದಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಮಾಡುವ ಕೆಲಸ ಆರಂಭವಾಗಿ ಎರಡು ದಶಕಗಳಿಗೂ ಮೀರಿ ನಡೆಯಿತು. ಅದರ ಫಲವಾಗಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲದ ಮೊದಲ ಸಂಪುಟ 1939ರಲ್ಲಿ ಅಮರಾವತಿಯಿಂದ ನಾಗರಿಯಲ್ಲಿ ಹೊರಬಂತು. ಹದಿನಾರನೆಯ ಸಂಪುಟ ಬರುವಾಗ 1958. ಕನ್ನಡ ಲಿಪಿಯಲ್ಲಿ, ಕನ್ನಡ ನಾಡಿನಲ್ಲಿ ಉಳಿದ ಗ್ರಂಥ ವಿದರ್ಭದಲ್ಲಿ, ಬೇರೆ ಲಿಪಿಯಲ್ಲಿ, ಬೇರೆಯವರ ಶ್ರಮದಿಂದ ಓದಾಯಿತು. ನಾವು ಕಾಪಾಡಿದೆವೆಂಬ ಹೆಮ್ಮೆ ನಿಜ. ಕಾಪಾಡಿದ್ದನ್ನು ಓದಲಿಲ್ಲವೆಂಬುದೂ ಅಷ್ಟೇ ನಿಜ. ಇಂದು ಓಲೆಯ ಜಾಗಕ್ಕೆ ಕಡತ ಬಂದಿದೆ, ಬೀಗದ ಜಾಗಕ್ಕೆ ಪಾಸ್‌ವರ್ಡ್ ಬಂದಿದೆ, ಯಾತ್ರಿಕನ ಜಾಗಕ್ಕೆ ಮೊಬೈಲ್ ಪರದೆಯನ್ನು ಬೆರಳಿನಿಂದ ಸರಿಸುವವನು ಬಂದಿದ್ದಾನೆ. ದರ್ಶನ ದರ್ಶನವಾಗಿಯೇ ಇದೆ.

ಯಂತ್ರವೇ ಓದುವ ಕಾಲ ಬಂತಲ್ಲ, ಮನುಷ್ಯನೇಕೆ ಎಂದು ಈಗ ಕೇಳುವವರಿದ್ದಾರೆ. ಇದು ಅಜ್ಞಾನದ ಪ್ರಶ್ನೆಯಲ್ಲ, ಉತ್ತರಕ್ಕೆ ಅರ್ಹವಾದುದು. ಉತ್ತರವನ್ನು ಒಂದು ಅಕ್ಷರದಿಂದ ಆರಂಭಿಸುತ್ತೇನೆ. ಹಳಗನ್ನಡದ ೞ ಮತ್ತು ಱ ಅಕ್ಷರಗಳು ಇಂದು ಬಳಕೆಯಲ್ಲಿಲ್ಲ. ಒಂದು ಳಕಾರದಲ್ಲಿಯೂ ಇನ್ನೊಂದು ರಕಾರದಲ್ಲಿಯೂ ಸೇರಿಹೋಗಿವೆ. ಆದರೆ ಹಳಗನ್ನಡದಲ್ಲಿ ಬಾೞ್ ಎಂದರೆ ಬದುಕು, ಬಾಳ್ ಎಂದರೆ ಕತ್ತಿ. ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. ಕಱೆ ಎಂದರೆ ಹಾಲು ಕರೆಯುವುದು, ಕರೆ ಎಂದರೆ ಕೂಗುವುದು. ಹದಿಮೂರನೆಯ ಶತಮಾನದಲ್ಲಿಯೇ ಈ ಭೇದ ಮಸುಕಾಗುತ್ತಿದ್ದುದರಿಂದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿದ. ಆರು ನೂರು ವರ್ಷಗಳ ಅನಂತರ ಕಿಟ್ಟೆಲ್ ತನ್ನ 1894ರ ನಿಘಂಟಿನಲ್ಲಿ ಆ ಭೇದವನ್ನು ಉಳಿಸಿದ. ಅಂದರೆ ಅಳಿಯುತ್ತಿದ್ದ ಅಕ್ಷರವನ್ನು ಇಬ್ಬರು ಓದುಗರು ಕಾಪಾಡಿದರು.

ಆಮೇಲೆ ಗಣಕಯುಗ ಬಂತು. ಜಗತ್ತಿನ ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯುನಿಕೋಡ್ ವ್ಯವಸ್ಥೆಯಲ್ಲಿ ಕನ್ನಡದ ಈ ೞಕಾರಕ್ಕೂ ಒಂದು ಸ್ಥಾನ ಸಿಕ್ಕಿತು. ಅಲ್ಲಿ ಅದಕ್ಕೆ ಇಟ್ಟ ಹೆಸರು ‘ಕನ್ನಡ ಅಕ್ಷರ ಫ’ ಎಂದು. ಅದೂ ಪರ್ಷಿಯನ್, ಇಂಗ್ಲಿಷ್ ಪದಗಳಲ್ಲಿ ಬರುವ ಫಕಾರ. ೞಕಾರಕ್ಕೂ ಆ ಫಕಾರಕ್ಕೂ ಯಾವ ಸಂಬಂಧವೂ ಇಲ್ಲ. ತಪ್ಪು ಆಮೇಲೆ ತಿಳಿಯಿತು. ಆದರೆ ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಬಾರದೆಂಬುದು ಆ ವ್ಯವಸ್ಥೆಯ ಸ್ಥಿರ ನಿಯಮವಾದ್ದರಿಂದ ಹೆಸರು ಹಾಗೆಯೇ ಉಳಿದು, ತಿದ್ದುಪಡಿಯ ಉಪನಾಮವೊಂದು ಅದರ ಪಕ್ಕದಲ್ಲಿ ನಿಂತಿದೆ. ಕೇಶಿರಾಜ ಯಾವ ಅಕ್ಷರಕ್ಕಾಗಿ ಪಟ್ಟಿ ಬರೆದನೋ ಅದರ ಅಧಿಕೃತ ಹೆಸರು ಇಂದು ತಪ್ಪು, ನಾಳೆಯೂ ತಪ್ಪು. ಆ ಪಟ್ಟಿ ಸಿದ್ಧವಾದಾಗ ಹಳಗನ್ನಡ ಬಲ್ಲ ಒಬ್ಬರು ಮೇಜಿನ ಬಳಿ ಕುಳಿತು ಒಂದು ಸಲ ಓದಿದ್ದರೆ ಇದು ತಪ್ಪುತ್ತಿತ್ತು. ತಂತ್ರಜ್ಞಾನದಲ್ಲಿ ಓದುಗನ ಗೈರುಹಾಜರಿಗೆ ತೆರುವ ಬೆಲೆ ಇಂಥದು: ಓಲೆಯಲ್ಲಿ ಲಿಪಿಕಾರ ಮಾಡಿದ ತಪ್ಪು ಆ ಪ್ರತಿಗೂ ಅದರ ಸಂತತಿಗೂ ಸೀಮಿತ, ಮಾನಕದಲ್ಲಿ ಆದ ತಪ್ಪು ಎಲ್ಲ ಯಂತ್ರಗಳ ಹಣೆಬರಹವಾಗುತ್ತದೆ.

ಹೊಸಗನ್ನಡದ ಪಠ್ಯದ ಮೇಲೆ ಪಳಗಿದ ಯಂತ್ರಕ್ಕೆ ಶಾಸನದ ಚಿತ್ರ ಕೊಟ್ಟರೆ ಅದು ತಾನು ಹೆಚ್ಚು ಕಂಡ ರೂಪಕ್ಕೆ ಎಲ್ಲವನ್ನೂ ಒಗ್ಗಿಸಲು ಹವಣಿಸುತ್ತದೆ. ಅಪರೂಪವಾದುದು ಅದಕ್ಕೆ ತಪ್ಪಾಗಿ ಕಾಣುತ್ತದೆ. ಹೆಬ್ಬಾಳದ ಕಿತ್ತಯ್ಯನ ಕಲ್ಲಿನಲ್ಲಿ ಬರುವ ಪೆರ್ಬೊೞಲ್‌ನಾಡಿನ ಹೆಸರನ್ನೇ ನೋಡಿ. ಹೆಬ್ಬಾಳವೆಂಬ ಹೆಸರಿನ ಹಳೆಯ ರೂಪವನ್ನು ವಿದ್ವಾಂಸರು ಇದರಲ್ಲಿ ಕಾಣುತ್ತಾರೆ. ಪೊೞಲ್ ಎಂದರೆ ಪಟ್ಟಣ. ಪೆರ್ಬೊೞಲ್ ಎಂದರೆ ಹಿರಿಯ ಪಟ್ಟಣ. ೞಕಾರವನ್ನು ಬಿಟ್ಟು, ಪಕಾರ ಹಕಾರವಾದ ಬಗೆಯನ್ನು ಮರೆತು ಹೊರಟರೆ ಈ ಹೆಸರು ಕಿವಿಗೆ ತಟ್ಟಿದಂತೆ ಹುಟ್ಟಿಸಿದ ಇನ್ನೊಂದು ಬೆಂದಕಾಳಿನ ಕಥೆಯಾಗುತ್ತದೆ. ಯಂತ್ರವನ್ನು ಪಳಗಿಸಲು ಬೇಕಾದ ಸರಿಯಾದ ಪಾಠಗಳನ್ನು ಸಿದ್ಧಪಡಿಸುವವರು ಯಾರು? ಅದು ಕೊಟ್ಟ ಉತ್ತರ ತಪ್ಪೆಂದು ಹೇಳುವವರು ಯಾರು? ಯಂತ್ರ ಬಂದಷ್ಟೂ ಓದುಗರು ಹೆಚ್ಚು ಬೇಕಾಗುತ್ತಾರೆ. ಇಂದಿನ ಲೆಕ್ಕಾಚಾರ ಇದಕ್ಕೆ ತಿರುವುಮುರುವಾಗಿದೆ.

ಷಟ್ಖಂಡಾಗಮದ ಅವತರಣವನ್ನು ಕುರಿತ ಕಥೆ ಇಲ್ಲಿ ನೆನೆಯಬೇಕಾದುದು. ಶ್ರುತ ಅಳಿದುಹೋಗುವುದೆಂಬ ಆತಂಕದಿಂದ ಗಿರಿನಾರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ಇಬ್ಬರು ಮುನಿಗಳನ್ನು ಕರೆಸಿಕೊಂಡರು. ಕಲಿಸುವ ಮೊದಲು ಇಬ್ಬರಿಗೂ ಒಂದೊಂದು ಮಂತ್ರ ಕೊಟ್ಟರು. ಒಂದರಲ್ಲಿ ಒಂದಕ್ಷರ ಹೆಚ್ಚಿತ್ತು, ಇನ್ನೊಂದರಲ್ಲಿ ಒಂದಕ್ಷರ ಕಡಿಮೆಯಿತ್ತು. ಸಾಧನೆ ಮಾಡಿದಾಗ ಒಬ್ಬರಿಗೆ ಹಲ್ಲು ಮುಂದಕ್ಕೆ ಚಾಚಿದ ದೇವಿಯೂ, ಇನ್ನೊಬ್ಬರಿಗೆ ಒಕ್ಕಣ್ಣಿನ ದೇವಿಯೂ ಕಾಣಿಸಿಕೊಂಡರು. ದೇವತೆಗಳು ವಿಕಾರವಾಗಿರುವುದಿಲ್ಲ, ಆದ್ದರಿಂದ ಪಾಠದಲ್ಲಿ ದೋಷವಿದೆಯೆಂದು ಊಹಿಸಿ, ವ್ಯಾಕರಣದ ಬಲದಿಂದ ಅಕ್ಷರವನ್ನು ಸರಿಪಡಿಸಿಕೊಂಡ ಆ ಇಬ್ಬರನ್ನೇ ಆಚಾರ್ಯರು ಶ್ರುತಕ್ಕೆ ಯೋಗ್ಯರೆಂದು ಒಪ್ಪಿದರು. ಅವರೇ ಪುಷ್ಪದಂತ, ಭೂತಬಲಿಗಳು. ಗ್ರಂಥಸಂಪಾದನೆಯ ಮೊದಲ ಪಾಠವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಕಥೆ ನನಗೆ ತಿಳಿಯದು. ಧರಸೇನರು ಮೊದಲು ಹುಡುಕಿದ್ದು ಓಲೆಯನ್ನಲ್ಲ, ಭಂಡಾರವನ್ನಲ್ಲ. ತಪ್ಪು ಪಾಠವನ್ನು ತಪ್ಪೆಂದು ಗುರುತಿಸಬಲ್ಲ ಇಬ್ಬರನ್ನು. ಬರವಣಿಗೆ ಆಮೇಲೆ ಬಂತು. ನಾವಾದರೋ ಕಾಣಿಸಿದ ವಿಕಾರವನ್ನೇ ದೇವಿಯ ನಿಜರೂಪವೆಂದು ಕೈಮುಗಿಯುತ್ತಿದ್ದೇವೆ.

ಹೊಸ ಪುಷ್ಪದಂತ, ಭೂತಬಲಿಗಳು ಎಲ್ಲಿಂದ ಬರಬೇಕು? ವಿಶ್ವವಿದ್ಯಾಲಯಗಳಿಂದ. 1991ರಲ್ಲಿ ಕನ್ನಡಕ್ಕಾಗಿಯೇ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಈಚಿನ ವರ್ಷಗಳಲ್ಲಿ ಸುದ್ದಿಯಾಗುತ್ತಿರುವುದು ಅನುದಾನದ ಕೊರತೆಗಾಗಿ. 2025ರ ಆರಂಭದಲ್ಲಿ ಸಂಪುಟ ಉಪಸಮಿತಿಯೊಂದು ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ವಿಚಾರವನ್ನೇ ಮುಂದಿಟ್ಟಿತು. ತೆರೆದವರೊಬ್ಬರು, ಮುಚ್ಚಹೊರಟವರೊಬ್ಬರು, ಎರಡೂ ಸಲ ಕೇಳದೆ ಉಳಿದ ಪ್ರಶ್ನೆ ಅಲ್ಲಿ ಯಾರು ಏನನ್ನು ಕಲಿಸಬೇಕೆಂಬುದು. ಸ್ನಾತಕೋತ್ತರ ಕನ್ನಡ ವಿಭಾಗಗಳಲ್ಲಿ ಹಲವೆಡೆ ಶಾಸನಶಾಸ್ತ್ರವೂ ಗ್ರಂಥಸಂಪಾದನೆಯೂ ಐಚ್ಛಿಕವಾಗಿವೆ; ಕಲಿಸುವವರು ನಿವೃತ್ತರಾದರೆ ಐಚ್ಛಿಕವೂ ಉಳಿಯುವುದಿಲ್ಲ. ಪಂಪನನ್ನು ಗದ್ಯಾನುವಾದದಲ್ಲಿ ಓದಿ, ಕೈಪಿಡಿಯಿಂದ ಉತ್ತರ ಬರೆದು ಪದವಿ ಪಡೆಯುವುದು ಇಂದು ಸಾಧ್ಯ. ಆ ವಿದ್ಯಾರ್ಥಿಯನ್ನು ನಾನು ದೂರುವುದಿಲ್ಲ. ಹಳಗನ್ನಡವನ್ನು ಓದಲು ಕಲಿತರೆ ನಾಡು ಅವನಿಗೆ ಯಾವ ಕೆಲಸವನ್ನೂ ಇಟ್ಟಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತು.

ಸಮಾಜದ ಕಡೆಗೂ ಒಂದು ಮಾತು. ಪ್ರತಿ ವರ್ಷ ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪಂಚಮಿ ಆಚರಿಸುತ್ತೇವೆ. ಗ್ರಂಥಗಳಿಗೆ ಹೊಸ ವಸ್ತ್ರ, ಪಲ್ಲಕ್ಕಿ, ಮೆರವಣಿಗೆ. ಅತ್ತಿಮಬ್ಬೆಯ ಹೆಸರನ್ನು ಆ ದಿನ ತಪ್ಪದೆ ಹೇಳುತ್ತೇವೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅವಳು ಮಾಡಿಸಿ ಹಂಚಿದಳೆಂದು ಪರಂಪರೆ ಹೇಳುತ್ತದೆ. ಸಾವಿರ ಪ್ರತಿಗಳೆಂದರೆ ಸಾವಿರ ಚಿತ್ರಗಳಲ್ಲ. ಪ್ರತಿಮಾಡುವವನು ಪ್ರತಿಯೊಂದು ಅಕ್ಷರವನ್ನೂ ಓದಿಯೇ ಬರೆಯಬೇಕಾಗಿತ್ತು. ಪಡೆದವರ ಮನೆಯಲ್ಲಿ ಅದು ವಾಚನವಾಗುತ್ತಿತ್ತು. ಅವಳ ಶಾಸ್ತ್ರದಾನದಲ್ಲಿ ಓದು ಎರಡು ಸಲ ಅಡಗಿತ್ತು. ಇಂದು ಪಂಚಕಲ್ಯಾಣಕ್ಕೂ ಶಿಖರದ ಕಳಶಕ್ಕೂ ಧಾರಾಳವಾಗಿ ಕೊಡುವ ದಾನಿಗಳು ಒಬ್ಬ ಪ್ರಾಕೃತ ವಿದ್ಯಾರ್ಥಿಯ ಐದು ವರ್ಷದ ಊಟವಸತಿಯ ವೆಚ್ಚವನ್ನು ಶಾಸ್ತ್ರದಾನವೆಂದು ಎಣಿಸುವುದಿಲ್ಲ. ಕಳಶದ ಮೇಲೆ ಹೆಸರು ಕೆತ್ತಬಹುದು, ವಿದ್ಯಾರ್ಥಿಯ ಮೇಲೆ ಕೆತ್ತಲಾಗದು.

ದರ್ಶನಕ್ಕೆ ಎದುರಾಗಿ ನಿಲ್ಲುವ ಪದ ನಮ್ಮಲ್ಲಿಯೇ ಇದೆ: ಸ್ವಾಧ್ಯಾಯ. ಜೈನ ಶಾಸ್ತ್ರ ಅದನ್ನು ಆಭ್ಯಂತರ ತಪಸ್ಸುಗಳಲ್ಲಿ ಒಂದಾಗಿ ಎಣಿಸುತ್ತದೆ, ಓದುವುದು ತಪಸ್ಸು. ತತ್ತ್ವಾರ್ಥಸೂತ್ರದ ಪ್ರಕಾರ ಅದಕ್ಕೆ ಐದು ಅಂಗಗಳು: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಈ ಐದನ್ನು ಇಂದಿನ ಯೋಜನೆಗಳ ಮುಂದಿಟ್ಟು ಲೆಕ್ಕ ಕೇಳಬಹುದು. ವಾಚನೆ: ಅಂಕೀಕರಣಕ್ಕೆ ತೆಗೆದಿಟ್ಟ ಪ್ರತ್ಯೇಕ ಹಣದ ಜೊತೆಯಲ್ಲಿ ಓದುವವರ ಸಂಬಳಕ್ಕೂ ಅಷ್ಟೇ ಖಚಿತವಾದ ಪಾಲು ಇರಲಿ, ಓದದ ಚಿತ್ರವನ್ನು ಮುಗಿದ ಕೆಲಸವೆಂದು ವರದಿಯಲ್ಲಿ ತೋರಿಸದಿರಲಿ. ಪೃಚ್ಛನೆ, ಅಂದರೆ ಸಂಶಯವನ್ನು ಕೇಳಿ ತಿಳಿಯುವುದು: ಪ್ರಕಟಿಸಿದ ಪಾಠದಲ್ಲಿ ಸಂದೇಹದ ಅಕ್ಷರಗಳನ್ನು ಗುರುತಿಸಿ, ಚಿತ್ರವನ್ನೂ ಪಾಠವನ್ನೂ ಒಟ್ಟಿಗೆ ಎಲ್ಲರಿಗೂ ತೆರೆದಿಡಲಿ, ಸಾರ್ವಜನಿಕ ಹಣದಿಂದ ತೆಗೆದ ಚಿತ್ರಕ್ಕೆ ಅರ್ಜಿ ಹಿಡಿದು ವಿದ್ಯಾರ್ಥಿ ಅಲೆಯುವಂತಾಗದಿರಲಿ. ಅನುಪ್ರೇಕ್ಷೆ ಎಂದರೆ ಓದಿದ್ದನ್ನು ಮನನ ಮಾಡುವುದು. ಪಾಠದಿಂದ ಇತಿಹಾಸಕ್ಕೆ, ಭಾಷೆಗೆ, ಸಮಾಜಕ್ಕೆ ಹೋಗುವ ಸಂಶೋಧನೆಗೆ ಮೂರು ತಿಂಗಳ ಗಡುವು ಹಾಕದಿರಲಿ. ಆಮ್ನಾಯವೆಂದರೆ ಶುದ್ಧವಾದ ಉಚ್ಚಾರಣೆಯಿಂದ ಪಠಿಸುವುದು: ೞ, ಱ ಅಕ್ಷರಗಳು ಕೀಲಿಮಣೆಯಲ್ಲಿ, ಅಕ್ಷರವಿನ್ಯಾಸದಲ್ಲಿ, ತರಗತಿಯಲ್ಲಿ ಮರಳಿ ಬರಲಿ, ಮಾನಕಗಳನ್ನು ರೂಪಿಸುವ ಸಭೆಗಳಿಗೆ ರಾಜ್ಯ ಸರ್ಕಾರ ತಂತ್ರಜ್ಞನ ಜೊತೆಯಲ್ಲಿ ವ್ಯಾಕರಣ ಬಲ್ಲವನನ್ನೂ ಕಳಿಸಲಿ. ಧರ್ಮೋಪದೇಶವೆಂದರೆ ಕಲಿತದ್ದನ್ನು ಹೇಳಿಕೊಡುವುದು. ಬೇಗೂರಿನ, ಹೆಬ್ಬಾಳದ ಶಾಲೆಗಳ ಮಕ್ಕಳನ್ನು ಕಲ್ಲಿನ ಮುಂದೆ ನಿಲ್ಲಿಸಿ ಅದರ ನಾಲ್ಕು ಸಾಲು ಓದಿಸುವ ಒಬ್ಬ ಶಿಕ್ಷಕನಿಗಿಂತ ದೊಡ್ಡ ಭಾಷಾಭಿಮಾನಿ ಈ ನಗರದಲ್ಲಿ ಬೇರೆಯಿಲ್ಲ.

ಇವುಗಳಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಕಾಗಿಲ್ಲ, ಮೆರವಣಿಗೆ ಬೇಕಾಗಿಲ್ಲ. ಕನ್ನಡದ ಹೆಸರಿನಲ್ಲಿ ಈಗಾಗಲೇ ವೆಚ್ಚವಾಗುತ್ತಿರುವ ಹಣದ ಒಂದಂಶ ತಿರುಗಿದರೆ ಸಾಕು. ತಿರುಗದಿದ್ದರೆ ಏನಾಗುತ್ತದೆಂಬುದೂ ಸ್ಪಷ್ಟ. ಫಲಕಗಳಲ್ಲಿ ಶೇ. 60 ಅಲ್ಲ, ಶೇ. 100 ಕನ್ನಡ ಬರಬಹುದು. ನಾಡಿನ ಪ್ರತಿಯೊಂದು ಕಲ್ಲಿಗೂ ಓಲೆಗೂ ಸ್ಫುಟವಾದ ಚಿತ್ರ ಸಿದ್ಧವಾಗಬಹುದು. ಅವುಗಳ ಮುಂದೆ ನಿಂತವರು ಇದು ಕನ್ನಡವೆಂದು ಹೆಮ್ಮೆಯಿಂದ ಗುರುತಿಸುವರು. ಅದು ಏನು ಹೇಳುತ್ತದೆಂದು ಕೇಳಿದರೆ ಯಂತ್ರದ ಕಡೆ ತಿರುಗುವರು. ಯಂತ್ರ ಹೇಳಿದ್ದು ಸರಿಯೇ ಎಂದು ಕೇಳಲು ಆ ಹೊತ್ತಿಗೆ ಯಾರೂ ಉಳಿದಿರುವುದಿಲ್ಲ.